ಸಮುದಾಯ ಬಾನುಲಿಗೆ ಪಾಲುದಾರಿಕೆ ಕಟ್ಟುವುದು: ಮೊದಲ ಸಭೆಯಿಂದ ಪಾಲುದಾರರು ಹೊರಡುವ ದಿನದವರೆಗೆ

ಸಮುದಾಯ ಬಾನುಲಿ ಕೇಂದ್ರವನ್ನು, ಅಂದರೆ ಊರಿನವರೇ ತಮ್ಮ ಸುತ್ತಿನವರಿಗಾಗಿ ನಡೆಸುವ ಪುಟ್ಟ ಎಫ್‌ಎಂ ನಿಲಯವನ್ನು, ಆರಂಭಿಸಲು ಹೊರಟ ಸಂಸ್ಥೆಗಳು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಹೊರಗಿನ ಪಾಲುದಾರರೊಬ್ಬರು ಸಿಗುತ್ತಾರೆ, ಉಪಕರಣ ಬರುತ್ತದೆ, ಗೋಪುರ ಏಳುತ್ತದೆ, ಐದು ದಿನದ ತರಬೇತಿ ನಡೆದು ಪ್ರಮಾಣಪತ್ರಗಳ ವಿತರಣೆಯೂ ಆಗುತ್ತದೆ. ಯೋಜನೆಯ ಅವಧಿ ಮುಗಿದು ಪಾಲುದಾರರು ಹೊರಟ ಆರೇಳು ತಿಂಗಳಲ್ಲಿ ಆ ತರಂಗಾಂತರದಲ್ಲಿ ಹಳೆಯ ಚಿತ್ರಗೀತೆಗಳನ್ನು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಇದಕ್ಕೆ ಹಣದ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನಾನು ತರಬೇತುದಾರನಾಗಿ ಹತ್ತಿರದಿಂದ ನೋಡಿದ ಕಡೆಗಳಲ್ಲೆಲ್ಲ ಹಣಕ್ಕಿಂತ ಮೊದಲು ತಪ್ಪಿದ್ದು ಕೆಲಸಗಳ ಕ್ರಮ: ಕೊನೆಗೆ ಮಾಡಬೇಕಾದ ಗೋಪುರವನ್ನು ಮೊದಲು ಮಾಡಿ, ಮೊದಲು ಮಾಡಬೇಕಾದ ತರಬೇತಿಯನ್ನು ಕೊನೆಗೆ ಇಟ್ಟಿರುತ್ತಾರೆ.

ಈ ಮಾರ್ಗದರ್ಶಿ ಭಾರತದ ನಿಯಮಗಳನ್ನು ಆಧರಿಸಿದ್ದು, ಗ್ರಾಮೀಣ ಭಾಗದ ಸ್ವಯಂಸೇವಾ ಸಂಸ್ಥೆ, ಕಾಲೇಜಿನ ಪತ್ರಿಕೋದ್ಯಮ ವಿಭಾಗ, ಕೃಷಿ ವಿಜ್ಞಾನ ಕೇಂದ್ರ ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಅನುಸರಿಸಬೇಕೆಂದು ಕೋರುತ್ತೇನೆ.

ಆರಂಭಕ್ಕೆ ಮುನ್ನ ಕೈಯಲ್ಲಿರಬೇಕಾದವು

ಸಂಸ್ಥೆಯ ನೋಂದಣಿ ಪತ್ರ, ಉಪನಿಯಮಗಳು, ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಮತ್ತು ಆ ಅವಧಿಯಲ್ಲಿ ಸ್ಥಳೀಯವಾಗಿ ಮಾಡಿದ ಸೇವೆಯ ದಾಖಲೆ ಇವು ಮೊದಲ ಕಡತದಲ್ಲಿರಲಿ. ಅರ್ಜಿದಾರ ಸಂಸ್ಥೆ ಲಾಭದ ಉದ್ದೇಶವಿಲ್ಲದ್ದಾಗಿರಬೇಕು. ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ ಮತ್ತು ಅವುಗಳ ಅಂಗಸಂಸ್ಥೆಗಳಿಗೆ ಅನುಮತಿ ಸಿಗುವುದಿಲ್ಲ.

ಸಲಕರಣೆಗಳ ವಿಷಯದಲ್ಲಿ ಮೊದಲ ವರ್ಷಕ್ಕೆ ಬೇಕಾದದ್ದು ಬಹಳ ಕಡಿಮೆ: ಕೈಯಲ್ಲಿ ಹಿಡಿಯುವ ಎರಡು ಧ್ವನಿಮುದ್ರಕಗಳು, ಗಾಳಿಯ ಸದ್ದು ತಡೆಯುವ ಸ್ಪಂಜಿನ ಹೊದಿಕೆ, ಕಿವಿಯನ್ನು ಪೂರ್ತಿ ಮುಚ್ಚುವ ಎರಡು ಹೆಡ್‌ಫೋನ್, ಧ್ವನಿ ಸಂಕಲನಕ್ಕೆ ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶವಿರುವ ಒಂದು ಕಂಪ್ಯೂಟರ್, ಪ್ರತಿಗಳನ್ನು ಇಡಲು ಎರಡು ಪ್ರತ್ಯೇಕ ಹಾರ್ಡ್ ಡಿಸ್ಕ್. ಈ ಹಂತದಲ್ಲಿ ಟ್ರಾನ್ಸ್‌ಮಿಟರ್ ಖರೀದಿಯ ದರಪಟ್ಟಿ ತರಿಸುವುದೂ ಬೇಡ.

ಹಂತ 1: ಕೇಳುಗರನ್ನು ಮೊದಲು ಕೇಳಿಸಿಕೊಳ್ಳಿ

ಸಮುದಾಯ ಬಾನುಲಿಯ ಟ್ರಾನ್ಸ್‌ಮಿಟರಿಗೆ ಸಾಮಾನ್ಯವಾಗಿ 100 ವ್ಯಾಟ್ ಪ್ರಸಾರ ಶಕ್ತಿಯ ಮಿತಿಯಿದೆ. ಗೋಪುರದ ಎತ್ತರ 30 ಮೀಟರ್ ಮೀರುವಂತಿಲ್ಲ. ಬಯಲು ಸೀಮೆಯಲ್ಲಿ ಇದು ಕೇಂದ್ರದ ಸುತ್ತಲೂ ಸುಮಾರು ಹತ್ತು ಕಿಲೋಮೀಟರ್ ದೂರದ ಮಾತು, ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಅದರ ಆಚೆಯ ಊರಿಗೆ ಏನೂ ಕೇಳಿಸದು. ಆದ್ದರಿಂದ ನಕ್ಷೆಯ ಮೇಲೆ ಆ ದೂರದೊಳಗಿನ ಊರುಗಳನ್ನು ಗುರುತಿಸಿ, ಪ್ರತಿ ಊರಿಗೂ ಕನಿಷ್ಠ ಎರಡು ಬಾರಿ, ಒಮ್ಮೆ ಬೆಳಿಗ್ಗೆ ಮತ್ತೊಮ್ಮೆ ಸಂಜೆ ಹೋಗಿ ಬನ್ನಿ.

ಕೇಳಬೇಕಾದ ಪ್ರಶ್ನೆ "ನಿಮಗೆ ಬಾನುಲಿ ಬೇಕೇ?" ಎಂಬುದಲ್ಲ. ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಕಳೆದ ವಾರ ನಿಮಗೆ ಸಿಗಬೇಕಾಗಿದ್ದು ಸಿಗದೆ ಹೋದ ಮಾಹಿತಿ ಯಾವುದು, ಅದು ತಡವಾಗಿ ಯಾರಿಂದ ತಿಳಿಯಿತು, ದಿನದ ಯಾವ ಹೊತ್ತಿನಲ್ಲಿ ನಿಮ್ಮ ಕೈ ಕೆಲಸದಲ್ಲಿದ್ದು ಕಿವಿ ಬಿಡುವಾಗಿರುತ್ತದೆ, ಮನೆಯಲ್ಲಿ ಎಫ್‌ಎಂ ಹಿಡಿಯುವ ಸಾಧನ ಯಾರ ಬಳಿ ಇರುತ್ತದೆ ಎಂದು ಕೇಳಿ. ಮೊಬೈಲ್ ಗಂಡಸರ ಜೇಬಿನಲ್ಲಿ ಹೊಲಕ್ಕೆ ಹೋಗುವ ಊರಿನಲ್ಲಿ ಹೆಂಗಸರ ಕಾರ್ಯಕ್ರಮವನ್ನು ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಅದನ್ನು ಕೇಳುವವರೇ ಇರುವುದಿಲ್ಲ. ಇಂಥ ಸಂಗತಿ ಯಾವ ಪಾಲುದಾರರ ಕೈಪಿಡಿಯಲ್ಲೂ ಇರುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಗ್ರಾಮ ಪಂಚಾಯಿತಿ ಸಭಾಂಗಣದಲ್ಲಿ ಒಂದೇ ಸಭೆ ಕರೆದು ಸಹಿ ಹಾಕಿಸಿಕೊಂಡು ಸಮೀಕ್ಷೆ ಮುಗಿಯಿತೆನ್ನುವುದು. ಸಭಾಂಗಣದಲ್ಲಿ ಮಾತನಾಡುವವರು ಬಾನುಲಿ ಇಲ್ಲದಿದ್ದರೂ ಮಾತನಾಡುವವರೇ. ಕೇರಿಗೆ, ಹಟ್ಟಿಗೆ, ಹಾಡಿಗೆ, ತಾಂಡಾಕ್ಕೆ ಹೋಗದ ಸಮೀಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಂತ 2: ಟ್ರಾನ್ಸ್‌ಮಿಟರ್ ಇಲ್ಲದೆ ಆರು ತಿಂಗಳು ಕಾರ್ಯಕ್ರಮ ಮಾಡಿ

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ, ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆಗಳು ಮತ್ತು ಯುನೆಸ್ಕೊ ಜೊತೆಗೂಡಿ ಕಟ್ಟಿದ 'ನಮ್ಮ ಧ್ವನಿ' ಸಮುದಾಯ ಬಾನುಲಿ ಪ್ರಸಾರ ಪರವಾನಗಿ ಸಿಗುವ ಕಾಲಕ್ಕೂ ಮೊದಲೇ ಕೆಲಸ ಶುರುಮಾಡಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಪ್ರಸಾರದ ಅವಕಾಶ ಕೊಡುವ ಕೇಂದ್ರದ ಮಾರ್ಗಸೂಚಿ ಬಂದದ್ದು 2006ರ ಕೊನೆಯಲ್ಲಿ. ಅದಕ್ಕೂ ಹಲವು ವರ್ಷ ಮುಂಚೆ ಊರಿನವರು ಧ್ವನಿಮುದ್ರಿಸಿದ ಕಾರ್ಯಕ್ರಮಗಳು ಕೇಬಲ್ ತಂತಿಯ ಮೂಲಕ ಮನೆಗಳ ಟಿವಿಗಳಲ್ಲಿ ಕೇಳಿಸುತ್ತಿದ್ದವು. ಈ ಕ್ರಮವನ್ನು ಇಂದಿಗೂ ಅನುಸರಿಸಬಹುದು.

ವಾರಕ್ಕೆ ಹದಿನೈದು ನಿಮಿಷದ ಒಂದು ಕಾರ್ಯಕ್ರಮ ಸಾಕು. ಅದನ್ನು ಸ್ವಸಹಾಯ ಸಂಘದ ಸಭೆಯಲ್ಲಿ, ಹಾಲಿನ ಡೇರಿಯ ಮುಂದೆ, ಸಂತೆಯ ದಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸಿ, ಕೇಳಿದವರ ನಡುವೆ ಕುಳಿತು ಯಾವ ನಿಮಿಷದಲ್ಲಿ ಅವರ ಗಮನ ತಪ್ಪಿತೆಂದು ಬರೆದುಕೊಳ್ಳಿ. ಇಪ್ಪತ್ತು ವಾರ ಬಿಡದೆ ಇದನ್ನು ಮಾಡಿದ ತಂಡಕ್ಕೆ ಮಾತ್ರ ದಿನಕ್ಕೆ ನಾಲ್ಕು ಗಂಟೆ ಪ್ರಸಾರ ನಡೆಸುವ ಶಕ್ತಿ ಇರುತ್ತದೆ. ಎಂಟನೆಯ ವಾರಕ್ಕೇ ನಿಂತುಹೋದರೆ ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಲಕ್ಷಾಂತರ ರೂಪಾಯಿ ಗೋಪುರಕ್ಕೆ ಹಾಕುವ ಮೊದಲೇ ಸತ್ಯ ತಿಳಿಯಿತು.

ಹಂತ 3: ಪಾಲುದಾರರನ್ನು ಕೆಲಸಕ್ಕೆ ತಕ್ಕಂತೆ ಆರಿಸಿ

ಒಬ್ಬನೇ ಪಾಲುದಾರ ಎಲ್ಲವನ್ನೂ ಕೊಡಬೇಕೆಂದು ಬಯಸಿದರೆ ಅವರು ಹೊರಟ ದಿನ ಎಲ್ಲವೂ ಒಟ್ಟಿಗೆ ಹೋಗುತ್ತದೆ. ತರಬೇತಿ, ತಾಂತ್ರಿಕ ನೆರವು, ಹಣ, ವಿಷಯ ಪರಿಣತಿ ಈ ನಾಲ್ಕನ್ನೂ ಬೇರೆಬೇರೆ ಕಡೆಯಿಂದ ಪಡೆಯುವುದು ಕ್ಷೇಮ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಯುನೆಸ್ಕೊದ ಅಡಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಸಂವಹನ ಅಭಿವೃದ್ಧಿಯ ಅಂತರರಾಷ್ಟ್ರೀಯ ಕಾರ್ಯಕ್ರಮವು ಅಭಿವೃದ್ಧಿಶೀಲ ದೇಶಗಳ ಸಣ್ಣ ಮಾಧ್ಯಮ ಯೋಜನೆಗಳಿಗೆ ನೆರವು ನೀಡುತ್ತದೆ. ಜರ್ಮನಿಯ ಡಿಡಬ್ಲ್ಯೂ ಅಕಾಡೆಮಿ, ಬ್ರಿಟನ್ನಿನ ಬಿಬಿಸಿ ಮೀಡಿಯಾ ಆಕ್ಷನ್, ಕೃಷಿ ಕಾರ್ಯಕ್ರಮಗಳ ವಿಷಯದಲ್ಲಿ ಕೆನಡಾದ ಫಾರ್ಮ್ ರೇಡಿಯೊ ಇಂಟರ್‌ನ್ಯಾಷನಲ್ ಪತ್ರಿಕೋದ್ಯಮ ತರಬೇತಿಯಲ್ಲಿ ಅನುಭವ ಉಳ್ಳ ಸಂಸ್ಥೆಗಳು. ದೇಶದೊಳಗೆ ಹೈದರಾಬಾದ್ ವಿಶ್ವವಿದ್ಯಾಲಯದ ಯುನೆಸ್ಕೊ ಸಮುದಾಯ ಮಾಧ್ಯಮ ಪೀಠವು ಬಾನುಲಿ ಕೇಂದ್ರಗಳು ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳಲು ಮತ್ತು ಒಂದು ಕೇಂದ್ರದವರು ಇನ್ನೊಂದನ್ನು ಪರಿಶೀಲಿಸಲು ಒಂದು ಸಾಧನಕೋಶವನ್ನು (ಟೂಲ್‌ಕಿಟ್) ರೂಪಿಸಿದೆ; ಅದನ್ನು ಈ ಹಂತದಲ್ಲೇ ತರಿಸಿಕೊಂಡು ಓದಿ.

ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪಾಲುದಾರ ಎಂದರೆ ಐದಾರು ವರ್ಷಗಳಿಂದ ಗಟ್ಟಿಯಾಗಿ ನಡೆಯುತ್ತಿರುವ ಇನ್ನೊಂದು ಸಮುದಾಯ ಬಾನುಲಿ ಕೇಂದ್ರ. ಮೈಸೂರು ಜಿಲ್ಲೆಯ ಸರಗೂರಿನ 'ಜನಧ್ವನಿ'ಯಂಥ ಗ್ರಾಮೀಣ ಕೇಂದ್ರಕ್ಕೆ ನಿಮ್ಮ ಇಬ್ಬರನ್ನು ಹದಿನೈದು ದಿನ ಕಳುಹಿಸಲು ಸಾಧ್ಯವಾದರೆ, ನಗರದ ಹೋಟೆಲಿನಲ್ಲಿ ನಡೆಯುವ ಯಾವ ಕಾರ್ಯಾಗಾರವೂ ಅದಕ್ಕೆ ಸಮನಾಗದು. ಬೆಳಿಗ್ಗೆ ವಿದ್ಯುತ್ ಹೋದಾಗ, ನಿರೂಪಕಿ ರಜೆ ಹಾಕಿದಾಗ, ಮಳೆಗೆ ಕೇಬಲ್ಲಿನ ತುದಿಯಲ್ಲಿ ನೀರು ಇಳಿದಾಗ ಏನು ಮಾಡುತ್ತಾರೆಂಬುದು ಕಣ್ಣೆದುರೇ ಕಾಣುತ್ತದೆ.

ಎಚ್ಚರಿಕೆಯ ಸೂಚನೆಗಳು: ಮೊದಲ ಭೇಟಿಯಲ್ಲೇ ಉದ್ಘಾಟನೆಯ ದಿನಾಂಕದ ಬಗ್ಗೆ ಮಾತನಾಡುವ ಪಾಲುದಾರ, ತಮ್ಮದೇ ಕಂಪನಿಯ ಉಪಕರಣ ಕೊಳ್ಳಬೇಕೆಂದು ಷರತ್ತು ಹಾಕುವವರು, ತರಬೇತಿಯ ವಿಷಯಪಟ್ಟಿಯನ್ನು ಬೇರೆ ದೇಶದಿಂದ ಯಥಾವತ್ತಾಗಿ ತರುವವರು. ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1997ರಲ್ಲಿ ಕಠ್ಮಂಡುವಿನಲ್ಲಿ ರೇಡಿಯೊ ಸಗರಮಾಥಾ ಆರಂಭವಾದ ಮೇಲೆ ನೇಪಾಳದಲ್ಲಿ ಬೆಳೆದ ಸಮುದಾಯ ಬಾನುಲಿಗಳು ತಾವೇ ಸುದ್ದಿ ಸಂಗ್ರಹಿಸಿ ಪ್ರಸಾರ ಮಾಡುತ್ತವೆ. ಅಲ್ಲಿನ ತರಬೇತಿಯಲ್ಲಿ ಸುದ್ದಿಸಂಚಿಕೆ ತಯಾರಿಗೆ ದೊಡ್ಡ ಪಾಲಿರುವುದು ಸಹಜ. ಭಾರತದ ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಪ್ರಸಾರಕ್ಕೆ ಅವಕಾಶವಿಲ್ಲ. ನೇಪಾಳದ ಪಠ್ಯವನ್ನು ಇಲ್ಲಿಗೆ ತಂದರೆ ಕಲಿತದ್ದರಲ್ಲಿ ಬಹುಪಾಲನ್ನು ಬಳಸಲಾಗದು, ಬಳಸಿದರೆ ಅನುಮತಿಯೇ ಅಪಾಯಕ್ಕೆ ಸಿಲುಕುತ್ತದೆ.

ಹಂತ 4: ಹಣ ಬರುವ ದಾರಿಯನ್ನು ವಕೀಲರ ಮುಂದೆ ಬಿಡಿಸಿ ನೋಡಿ

ವಿದೇಶಿ ಪಾಲುದಾರರು ಇದ್ದರೆ ಈ ಹಂತದಲ್ಲಿ ನಿಧಾನಿಸಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ, ಪಡೆದ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ನಿಗದಿತ ಖಾತೆಗೇ ಮೊದಲು ಬರಬೇಕು. ಇದು ಬಹುತೇಕರಿಗೆ ಗೊತ್ತು. ಗೊತ್ತಿಲ್ಲದೆ ಬೀಳುವ ಹಳ್ಳಗಳು ಬೇರೆ ಮೂರಿವೆ.

ಮೊದಲನೆಯದು, 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆ ಹಣ ಪಡೆದು ತಾಲ್ಲೂಕಿನ ಸಣ್ಣ ಸಂಸ್ಥೆಗೆ ಹಂಚುವ ಹಳೆಯ ಮಾದರಿಯ ಪಾಲುದಾರಿಕೆ ಇದರಿಂದ ಮುಚ್ಚಿಹೋಗಿದೆ. ಇಂದಿಗೂ ಆ ಮಾದರಿಯಲ್ಲಿ ಬರೆದ ಪ್ರಸ್ತಾವಗಳು ನನ್ನ ಮುಂದೆ ಬರುತ್ತವೆ. ಎರಡನೆಯದು, ಅದೇ ತಿದ್ದುಪಡಿಯಿಂದ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ಸಿಬ್ಬಂದಿ ವೇತನವನ್ನು ಯಾವ ತಲೆಬರಹದಡಿ ತೋರಿಸುತ್ತೀರಿ ಎಂಬುದನ್ನು ಲೆಕ್ಕಪರಿಶೋಧಕರ ಜೊತೆ ಕುಳಿತು ನಿರ್ಧರಿಸಬೇಕು. ಮೂರನೆಯದು ಪತ್ರಿಕೋದ್ಯಮ ತರಬೇತಿಗೆ ನೇರವಾಗಿ ತಾಗುವಂಥದ್ದು: ಸುದ್ದಿ ಅಥವಾ ಪ್ರಚಲಿತ ವಿದ್ಯಮಾನಗಳ ಧ್ವನಿ ಕಾರ್ಯಕ್ರಮಗಳನ್ನು ತಯಾರಿಸುವ ಇಲ್ಲವೇ ಪ್ರಸಾರ ಮಾಡುವ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವುದನ್ನು ಈ ಕಾಯ್ದೆ ನಿಷೇಧಿಸುತ್ತದೆ. ಯೋಜನಾ ಪತ್ರದಲ್ಲಿ "ಸುದ್ದಿ ತಯಾರಿಕೆ" ಎಂಬ ಪದವನ್ನು ಅಲಂಕಾರಕ್ಕೆಂದು ಸೇರಿಸಿದರೂ ಅದು ಮುಂದೆ ಪ್ರಶ್ನೆಯಾಗಿ ನಿಲ್ಲಬಹುದು.

ದೇಶದೊಳಗಿನ ದಾರಿಗಳು ಇದಕ್ಕಿಂತ ಸರಳ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿ ಬೇಕಿದ್ದರೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿ. ಉಪಕರಣ ವೆಚ್ಚದ ಒಂದು ಭಾಗವನ್ನು ಭರಿಸುವ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಯೋಜನೆ ಇದೆ. ಕೃಷಿ ವಿಶ್ವವಿದ್ಯಾಲಯ, ಪತ್ರಿಕೋದ್ಯಮ ವಿಭಾಗ ಇಂಥವರಿಂದ ಹಣದ ಬದಲು ಪರಿಣತರ ದಿನಗಳನ್ನು ಕೇಳಿ. ಹಣಕ್ಕಿಂತ ಅದನ್ನು ಕೊಡುವುದು ಅವರಿಗೆ ಸುಲಭ. ವಿದೇಶದಿಂದ ತರಬೇತುದಾರರು ಬರುವುದಾದರೆ ಪ್ರವಾಸಿ ವೀಸಾದಲ್ಲಿ ಕರೆಸಬೇಡಿ.

ಹಂತ 5: ಒಡಂಬಡಿಕೆಯಲ್ಲಿ ಬರೆಯಲೇಬೇಕಾದ ಮಾತುಗಳು

ಒಡಂಬಡಿಕೆ ಪತ್ರದ ಮೊದಲ ಎರಡು ಪುಟಗಳಲ್ಲಿ ಸಾಮಾನ್ಯವಾಗಿ ಸದಾಶಯಗಳಿರುತ್ತವೆ. ಅವು ಇರಲಿ. ನೀವು ಒತ್ತಾಯಿಸಿ ಸೇರಿಸಬೇಕಾದದ್ದು ಅದರ ನಂತರ ಬರುತ್ತದೆ.

ಪ್ರಸಾರದ ಅನುಮತಿ ಸ್ಥಳೀಯ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ಏಕೆಂದರೆ ಅದನ್ನು ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಧ್ವನಿಮುದ್ರಣಗಳ ಹಕ್ಕು ಯಾರದ್ದು, ಪಾಲುದಾರರು ತಮ್ಮ ವಾರ್ಷಿಕ ವರದಿಗೆ, ಜಾಲತಾಣಕ್ಕೆ ಅದನ್ನು ಬಳಸಬೇಕಾದರೆ ಮಾತನಾಡಿದ ವ್ಯಕ್ತಿಯ ಸಮ್ಮತಿಯನ್ನು ಮತ್ತೆ ಪಡೆಯಬೇಕೇ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಹಳ್ಳಿಯ ಹೆಣ್ಣುಮಗಳೊಬ್ಬಳು ತನ್ನ ಹತ್ತು ಕಿಲೋಮೀಟರ್ ಸುತ್ತಿನವರಿಗಾಗಿ ಹೇಳಿದ ಸಂಕಟ ಜಗತ್ತಿಗೆಲ್ಲ ಕೇಳಿಸುವುದಕ್ಕೆ ಆಕೆ ಒಪ್ಪಿದ್ದಳೆಂದು ಊಹಿಸುವಂತಿಲ್ಲ. ಕಾರ್ಯಕ್ರಮದ ವಿಷಯದಲ್ಲಿ ಅಂತಿಮ ಮಾತು ಸ್ಥಳೀಯ ಸಲಹಾ ಮತ್ತು ವಿಷಯ ಸಮಿತಿಯದ್ದೆಂದೂ ನಮೂದಿಸಿ. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು.

ಹಣದ ವಿಷಯದಲ್ಲಿ ನಾನು ಪಾಲಿಸುವ ಒಂದು ಸರಳ ಅಳತೆ ಇದೆ. ಉಪಕರಣಕ್ಕೆ ಎಷ್ಟು ಬರೆದಿದ್ದೀರೋ ಕನಿಷ್ಠ ಅಷ್ಟನ್ನೇ ಮೂರು ವರ್ಷಗಳ ಗೌರವಧನ, ವಿದ್ಯುತ್, ದುರಸ್ತಿ, ಪ್ರಯಾಣ ಮತ್ತು ತರಂಗಾಂತರ ಶುಲ್ಕಕ್ಕೂ ಬರೆಯಿರಿ. ಜಾಹೀರಾತಿನಿಂದ ಎಲ್ಲ ನಡೆಯುತ್ತದೆಂಬ ಲೆಕ್ಕವನ್ನು ನಂಬಬೇಡಿ. ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶವಿದೆ, ಸರ್ಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ ₹74. ಗುಣಿಸಿದರೆ ಗಂಟೆಗೆ ₹5,328 ಆಗುತ್ತದೆ. ಈ ಅಂಕಿಯನ್ನು ದಿನದ ಗಂಟೆಗಳಿಂದ ಗುಣಿಸಿ ಆದಾಯದ ಪಟ್ಟಿಯಲ್ಲಿ ಹಾಕಿದ ಪ್ರಸ್ತಾವಗಳನ್ನು ಕಂಡಿದ್ದೇನೆ. ಗಂಟೆಗೆ ಹತ್ತು ಸೆಕೆಂಡಿನ ಆ 72 ಜಾಹೀರಾತುಗಳನ್ನು ಕೊಡುವವರು ಯಾರೆಂದು ಹೆಸರು ಹಿಡಿದು ಬರೆಯಲು ಹೇಳಿದರೆ ಎರಡು ಮೂರಕ್ಕೆ ಪಟ್ಟಿ ನಿಲ್ಲುತ್ತದೆ.

ಕೊನೆಯ ಷರತ್ತು ನಿರ್ಗಮನದ್ದು. ಪಾಲುದಾರರು ಹೊರಡುವ ದಿನಾಂಕ, ಅದಕ್ಕೆ ಆರು ತಿಂಗಳು ಮೊದಲು ಕೊಡಬೇಕಾದ ಸೂಚನೆ, ಹಸ್ತಾಂತರಿಸಬೇಕಾದ ವಸ್ತುಗಳು ಇವನ್ನು ಸ್ನೇಹ ಗಟ್ಟಿಯಾಗಿರುವಾಗಲೇ ಬರೆದಿಡಿ. ಒಂದು ಕೇಂದ್ರದಲ್ಲಿ ಪಾಲುದಾರ ಸಂಸ್ಥೆಯ ಎಂಜಿನಿಯರ್ ಕೆಲಸ ಬಿಟ್ಟು ಹೋದ ಮೇಲೆ ಪ್ರಸಾರ ತಂತ್ರಾಂಶದ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ದಿನ ನಾವು ಕಂಪ್ಯೂಟರ್ ಪಕ್ಕಕ್ಕಿಟ್ಟು, ಮೊಬೈಲನ್ನು ನೇರವಾಗಿ ಮಿಕ್ಸರಿಗೆ ಸಿಕ್ಕಿಸಿ ಪ್ರಸಾರ ನಡೆಸಿದೆವು. ಆ ಸಂಸ್ಥೆ ನಮ್ಮ ಮೂರು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬರೆಯಬೇಕೆಂಬ ಷರತ್ತೂ ಒಡಂಬಡಿಕೆ ಪತ್ರದಲ್ಲಿರಲಿಲ್ಲ.

ಹಂತ 6: ಅನುಮತಿಯ ಅರ್ಜಿ

ಅರ್ಜಿ ಸಲ್ಲಿಕೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ನಲ್ಲಿ ನಡೆಯುತ್ತದೆ. ಪರಿಶೀಲನೆ ಮತ್ತು ಭದ್ರತಾ ಒಪ್ಪಿಗೆಗಳ ನಂತರ ಆಶಯ ಪತ್ರ (ಲೆಟರ್ ಆಫ್ ಇಂಟೆಂಟ್) ಸಿಗುತ್ತದೆ. ಅದರ ಅವಧಿ ಒಂದು ವರ್ಷ, ಅನಿವಾರ್ಯ ಸಂದರ್ಭಕ್ಕೆಂದು ಮೂರು ತಿಂಗಳ ಹೆಚ್ಚುವರಿ ಅವಕಾಶವಿದೆ. ಆ ಅವಧಿಯೊಳಗೆ ತರಂಗಾಂತರ ಹಂಚಿಕೆ, ಗೋಪುರದ ಸ್ಥಳಕ್ಕೆ ಒಪ್ಪಿಗೆ, ಅನುಮತಿ ಒಪ್ಪಂದಕ್ಕೆ ಸಹಿ ಮತ್ತು ನಿಸ್ತಂತು ಪರವಾನಗಿ ಆಗಬೇಕು. ಒಪ್ಪಂದದ ಮೊದಲ ಅವಧಿ ಈಗ ಹತ್ತು ವರ್ಷ.

ಈ ಕಾಯುವ ಕಾಲ ದೀರ್ಘವಾಗಿರುತ್ತದೆಂಬುದನ್ನು ಪಾಲುದಾರರಿಗೆ ಮೊದಲೇ ತಿಳಿಸಿ. ಎರಡು ವರ್ಷದ ಯೋಜನೆಗೆ ಹಣ ಕೊಟ್ಟವರು ಪ್ರಸಾರ ಆರಂಭವಾಗುವ ಹೊತ್ತಿಗೆ ಅವಧಿ ಮುಗಿಸಿ ಹೊರಟಿರುವುದು ಬಹಳ ಕಡೆ ಆಗಿದೆ. ಆದ್ದರಿಂದ ಪಾಲುದಾರಿಕೆಯ ಗಡಿಯಾರವನ್ನು ಎರಡಾಗಿ ಒಡೆಯಿರಿ: ತರಬೇತಿಯ ಭಾಗ ಅರ್ಜಿ ಹಾಕಿದ ದಿನದಿಂದ, ಪ್ರಸಾರ ನೆರವಿನ ಭಾಗ ಒಪ್ಪಂದಕ್ಕೆ ಸಹಿ ಬಿದ್ದ ದಿನದಿಂದ ಆರಂಭವಾಗಲಿ.

ಹಂತ 7: ಪತ್ರಿಕೋದ್ಯಮ ತರಬೇತಿ

ಸುದ್ದಿಗೆ ಅವಕಾಶವಿಲ್ಲದಿದ್ದ ಮೇಲೆ ಪತ್ರಿಕೋದ್ಯಮ ತರಬೇತಿ ಏಕೆಂದು ಪದೇಪದೇ ಕೇಳುತ್ತಾರೆ. ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು. ಹವಾಮಾನ, ಸಂಚಾರ, ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮ, ಪರೀಕ್ಷೆ, ಉದ್ಯೋಗಾವಕಾಶ, ಹಾಗೂ ಸ್ಥಳೀಯ ಆಡಳಿತ ನೀಡುವ ನೀರು, ವಿದ್ಯುತ್, ಪ್ರಕೃತಿ ವಿಕೋಪ, ಆರೋಗ್ಯದ ಸೂಚನೆಗಳನ್ನು ಪ್ರಸಾರ ಮಾಡಲು ಅವಕಾಶವಿದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ 50ರಷ್ಟು ಸ್ಥಳೀಯವಾಗಿ ತಯಾರಾಗಬೇಕು. ಲಸಿಕಾ ಶಿಬಿರದ ತಾರೀಖನ್ನು ತಪ್ಪಾಗಿ ಹೇಳಿದರೆ ತಾಯಂದಿರು ಮಗುವನ್ನು ಎತ್ತಿಕೊಂಡು ನಾಲ್ಕು ಕಿಲೋಮೀಟರ್ ನಡೆದು ಬಂದು ಬರಿಗೈಯಲ್ಲಿ ಹಿಂತಿರುಗುತ್ತಾರೆ. ಪರಿಶೀಲನೆ, ಸಮ್ಮತಿ, ನಿಖರತೆ, ಎದುರು ಪಕ್ಷದ ಮಾತನ್ನು ಕೇಳುವುದು ಇವೆಲ್ಲ ಸುದ್ದಿ ಎಂಬ ಹಣೆಪಟ್ಟಿ ಇಲ್ಲದೆಯೂ ಬೇಕಾದ ಶಿಸ್ತುಗಳು.

ಆರು ಜನ ಬೇಕಿದ್ದರೆ ಹನ್ನೆರಡು ಜನರನ್ನು ಆರಿಸಿ. ಮದುವೆ, ವಲಸೆ, ಬೇರೆ ಉದ್ಯೋಗ ಈ ಮೂರು ಕಾರಣಕ್ಕೆ ಅರ್ಧದಷ್ಟು ಮಂದಿ ಬಿಟ್ಟು ಹೋಗುತ್ತಾರೆಂದು ಮೊದಲೇ ಎಣಿಸಿ. ತರಬೇತಿ ನಡೆಯುವ ಜಾಗ ಕೊನೆಯ ಬಸ್ಸಿನ ವೇಳೆಗೆ ಹೊಂದುವಂತಿರಬೇಕು. ಸಂಜೆ ಆರಕ್ಕೆ ಮುಗಿಯುವ ತರಗತಿಯಿಂದ ಹೆಣ್ಣುಮಕ್ಕಳು ಎರಡನೆಯ ವಾರಕ್ಕೇ ಕಾಣೆಯಾಗುತ್ತಾರೆ, ಆಸಕ್ತಿ ಇಲ್ಲವೆಂದು ನಾವು ತಪ್ಪು ತಿಳಿಯುತ್ತೇವೆ. ಒಂದೇ ಉದ್ದದ ಕಾರ್ಯಾಗಾರದ ಬದಲು ಮೂರು ದಿನ ಕಲಿಕೆ, ಆರು ವಾರ ಊರಿನಲ್ಲಿ ಅಭ್ಯಾಸ, ಮತ್ತೆ ಮೂರು ದಿನ ಹೀಗೆ ನಾಲ್ಕು ಸುತ್ತು ನಡೆಸಿ. ನಡುವಿನ ಆರು ವಾರಗಳಲ್ಲಿ ತರಬೇತುದಾರರು ಪ್ರತಿಯೊಬ್ಬರ ಒಂದು ಧ್ವನಿಮುದ್ರಣವನ್ನಾದರೂ ಪೂರ್ತಿ ಕೇಳಿ ಉತ್ತರಿಸಬೇಕೆಂದು ಒಡಂಬಡಿಕೆಯಲ್ಲೇ ಸೇರಿಸಿ, ಅದಕ್ಕೆ ಸಂಭಾವನೆಯನ್ನೂ ಇಡಿ.

ಮೊದಲ ಸುತ್ತು ಪೂರ್ತಿಯಾಗಿ ಕಿವಿಯದ್ದು. ಧ್ವನಿಮುದ್ರಕವನ್ನು ಮಾತನಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಬೇಕು. ನೇರವಾಗಿ ಹಿಡಿದರೆ ಪಕಾರ ಬಕಾರಗಳು ಬಡಿದಂತೆ ಕೇಳುತ್ತವೆ. ಮುದ್ರಿಸುವ ಮುನ್ನ ಫ್ಯಾನು ಆರಿಸಲು ಹೇಳಿ, ಒಲೆಯ ಮೇಲೆ ಕುಕ್ಕರ್ ಇದೆಯೇ ನೋಡಿ, ಮಟ್ಟದ ಸೂಚಕ ಕೆಂಪು ಮುಟ್ಟದಂತೆ -12 ಡೆಸಿಬೆಲ್ ಆಸುಪಾಸಿನಲ್ಲಿ ಇಡಿ. ಮಾತು ಮುಗಿದ ಮೇಲೆ ಅದೇ ಜಾಗದ ಮೌನವನ್ನು ಮೂವತ್ತು ಸೆಕೆಂಡು ಮುದ್ರಿಸಿಕೊಳ್ಳಿ. ಸಂಕಲನ ಮಾಡುವಾಗ ಎರಡು ಮಾತುಗಳ ನಡುವಿನ ಬಿರುಕನ್ನು ಮುಚ್ಚಲು ಆ ಮೌನವೇ ಬೇಕಾಗುತ್ತದೆ. ಕಡತಕ್ಕೆ ದಿನಾಂಕ, ಊರು, ವಿಷಯ ಈ ಕ್ರಮದಲ್ಲಿ ಹೆಸರಿಟ್ಟು ಅಂದೇ ಎರಡು ಕಡೆ ಪ್ರತಿ ಮಾಡಬೇಕು.

ಎರಡನೆಯ ಸುತ್ತು ಪ್ರಶ್ನೆಯದ್ದು. "ಈ ಯೋಜನೆಯಿಂದ ನಿಮಗೆ ಅನುಕೂಲವಾಗಿದೆಯೇ?" ಎಂದು ಕೇಳಿದರೆ "ಆಗಿದೆ" ಎಂಬ ಒಂದೇ ಪದ ಸಿಗುತ್ತದೆ. "ಆ ದಿನ ಬೆಳಿಗ್ಗೆ ಏನಾಯಿತು?" ಎಂದು ಕೇಳಿದರೆ ಕಥೆ ಬಿಚ್ಚಿಕೊಳ್ಳುತ್ತದೆ. ಕೇಳಿದ ಮೇಲೆ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿ. ಹೊಸಬರು ಎರಡು ಸೆಕೆಂಡಿನ ಮೌನವನ್ನೂ ತಾಳಲಾರದೆ "ಹೌದಾ, ಸರಿ ಸರಿ" ಎಂದು ಮಾತಿನ ಮೇಲೆ ಮಾತು ಹಾಕುತ್ತಾರೆ, ಮುಖ್ಯವಾದದ್ದು ಅಲ್ಲೇ ಕತ್ತರಿಸಿಹೋಗುತ್ತದೆ.

ಮೂರನೆಯ ಸುತ್ತು ಪರಿಶೀಲನೆಯದ್ದು. ಇದಕ್ಕೆ ಹೆಚ್ಚು ಸಮಯ ಕೊಡಿ. ಒಂದು ತರಬೇತಿಯಲ್ಲಿ ಇಬ್ಬರು ಯುವತಿಯರು ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲಿನ ನಡುವೆ ಅಜ್ಜಿಯೊಬ್ಬರ ಮಾತು ಮುದ್ರಿಸಿ ತಂದರು. ಖಾಲಿ ಕೊಡದ ಸದ್ದು, ಅಜ್ಜಿಯ ಏದುಸಿರು, "ಐದು ದಿನ ಆಯ್ತು ಮಗಾ, ನೀರುಗಂಟಿ ಈ ಕಡೆ ತಲೆ ಹಾಕಿಲ್ಲ" ಎಂಬ ಮಾತು ಎಲ್ಲವೂ ಸ್ಪಷ್ಟವಾಗಿದ್ದವು. ನಾನು ಮೆಚ್ಚಿದೆ, ಸಂಘದ ಸಭೆಯಲ್ಲಿ ಕೇಳಿಸಲು ಒಪ್ಪಿಗೆ ಕೊಟ್ಟೆ. ಆ ಸಂಜೆ ಕೆಲವರು ನೀರುಗಂಟಿಯ ಮನೆ ಬಾಗಿಲಿಗೆ ಹೋಗಿ ಕೂಗಾಡಿದರು. ಮೋಟಾರು ಸುಟ್ಟುಹೋಗಿ, ಆತ ಪಂಚಾಯಿತಿಗೆ ಬರೆದುಕೊಟ್ಟಿದ್ದ ಅರ್ಜಿಯ ಪ್ರತಿ ಆತನ ಜೇಬಿನಲ್ಲೇ ಇತ್ತು. ಮುಂದಿನ ವಾರ ಆತನ ಮಾತನ್ನೂ ಪಂಚಾಯಿತಿಯ ಉತ್ತರವನ್ನೂ ಸೇರಿಸಿ ಎರಡನೆಯ ಕಾರ್ಯಕ್ರಮ ಮಾಡಿದೆವು, ಆದರೆ ಆತ ಅನುಭವಿಸಿದ ಅವಮಾನವನ್ನು ಹಿಂದಕ್ಕೆ ಪಡೆಯಲಾಗಲಿಲ್ಲ. ಅಂದಿನಿಂದ ನನ್ನ ತರಬೇತಿಯಲ್ಲಿ ಒಂದು ಕಡ್ಡಾಯ ನಿಯಮವಿದೆ: ದೂರಿದವರು, ದೂರಿಗೆ ಒಳಗಾದವರು, ಆ ಕೆಲಸದ ಹೊಣೆ ಇರುವ ಅಧಿಕಾರಿ ಈ ಮೂವರ ಧ್ವನಿ, ಅಥವಾ ಕೇಳಿದರೂ ಉತ್ತರಿಸಲಿಲ್ಲ ಎಂಬುದರ ದಾಖಲೆ ಇಲ್ಲದೆ ಯಾವ ಕಾರ್ಯಕ್ರಮವೂ ಕೋಣೆಯಿಂದ ಹೊರಗೆ ಹೋಗುವುದಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ಸಂಕಲನ, ನಿರೂಪಣೆ ಮತ್ತು ಸಮ್ಮತಿ ಪತ್ರಗಳ ನಿರ್ವಹಣೆ ಇರಲಿ. ನಿರೂಪಣೆಯ ಭಾಷೆಯ ಬಗ್ಗೆ ಒಂದು ಮಾತು: ಕಲಿಯುವವರು ಆಕಾಶವಾಣಿಯ ಗ್ರಂಥಸ್ಥ ಕನ್ನಡವನ್ನು ಅನುಕರಿಸಲು ಹೊರಡುತ್ತಾರೆ, ತರಬೇತುದಾರರೂ ಪ್ರೋತ್ಸಾಹಿಸುತ್ತಾರೆ. ಚಾಮರಾಜನಗರದ ಅಥವಾ ಕಲಬುರಗಿಯ ಮಾತನ್ನು ಆಯಾ ಊರಿನ ಬಾನುಲಿಯಲ್ಲೂ ತಿದ್ದುವುದಾದರೆ ಆ ಬಾನುಲಿಯ ಅಗತ್ಯವೇ ಇಲ್ಲ. ಪಾಲುದಾರರ ಇಂಗ್ಲಿಷ್ ಕೈಪಿಡಿಯನ್ನು ಅನುವಾದಿಸುವ ಬದಲು, ಮೊದಲ ಮೂರು ಸುತ್ತು ಮುಗಿಸಿದವರಿಂದಲೇ ಅವರ ಮಾತಿನಲ್ಲಿ ಹೊಸ ಕೈಪಿಡಿ ಬರೆಯಿಸಿ.

ಹಂತ 8: ಉಪಕರಣಗಳ ಸ್ಥಾಪನೆ

ಈಗ ಗೋಪುರದ ಸರದಿ. ಭೂಸಂಪರ್ಕ ಮತ್ತು ಸಿಡಿಲು ನಿರೋಧಕ ವ್ಯವಸ್ಥೆಯ ಪರೀಕ್ಷೆ ಮುಗಿಯದೆ ಬೇರೆ ಯಾವ ಜೋಡಣೆಯನ್ನೂ ಮಾಡಿಸಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕಳೆದುಕೊಳ್ಳುವ ಉಪಕರಣಗಳೇ ಹೆಚ್ಚು. ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರನ್ನು ಎಂದಿಗೂ ಚಾಲೂ ಮಾಡಬಾರದು, ಹೊರಹೋಗಲಾರದ ಶಕ್ತಿ ಹಿಂದಕ್ಕೆ ಮರಳಿ ಒಳಗಿನ ಭಾಗಗಳನ್ನು ಸುಟ್ಟುಬಿಡುತ್ತದೆ. ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿ.

ಸ್ಥಾಪನೆಗೆ ಬಂದ ತಂತ್ರಜ್ಞರ ಜೊತೆ ನಿಮ್ಮ ಊರಿನ ಇಬ್ಬರು, ಅವರಲ್ಲಿ ಒಬ್ಬರು ಟಿವಿ ಅಥವಾ ಮೋಟಾರು ದುರಸ್ತಿ ಬಲ್ಲವರು, ಪೂರ್ತಿ ಕಾಲ ನಿಲ್ಲಬೇಕು. ಕೊನೆಯ ದಿನ ಎಲ್ಲವನ್ನೂ ಬಿಚ್ಚಿ, ಆ ಇಬ್ಬರಿಂದಲೇ ಮತ್ತೆ ಜೋಡಿಸಿ ಪ್ರಸಾರ ಬರುವಂತೆ ಮಾಡಿಸಿದ ಮೇಲಷ್ಟೇ ತಂತ್ರಜ್ಞರ ಬಿಲ್ಲಿಗೆ ಸಹಿ ಹಾಕಿ.

ಹಂತ 9: ಪ್ರಸಾರದ ಮೊದಲ ವರ್ಷ ಮತ್ತು ಪಾಲುದಾರರ ನಿರ್ಗಮನ

ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ. ಪ್ರಸಾರವಾದ ಎಲ್ಲ ಕಾರ್ಯಕ್ರಮಗಳನ್ನು ಮೂರು ತಿಂಗಳು ಕಾಪಿಡಬೇಕೆಂಬುದು ಅನುಮತಿಯ ಷರತ್ತು. ಮೊದಲ ದಿನದಿಂದಲೇ ಅದಕ್ಕೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ.

ಕೇಂದ್ರ ಬಡವಾಗುತ್ತಿದೆ ಎಂಬುದಕ್ಕೆ ಕೆಲವು ಗುರುತುಗಳು ಮುಂಚಿತವಾಗಿ ಕಾಣಿಸುತ್ತವೆ. ಮರುಪ್ರಸಾರದ ಪಾಲು ತಿಂಗಳಿಂದ ತಿಂಗಳಿಗೆ ಏರುವುದು, ಧ್ವನಿಮುದ್ರಕಗಳು ಕಚೇರಿಯ ಬೀರುವಿನಲ್ಲೇ ಉಳಿಯುವುದು, ಒಂದೇ ಊರಿನ, ಒಂದೇ ಕೇರಿಯ ಧ್ವನಿಗಳು ಮರಳಿ ಮರಳಿ ಬರುವುದು, ವಿಷಯ ಸಮಿತಿಯ ಸಭೆಗೆ ಮಹಿಳೆಯರ ಬದಲು ಅವರ ಮನೆಯ ಗಂಡಸರು ಬಂದು ಕೂರುವುದು, ಪಾಲುದಾರರು ಕೇಳಿದ ಅಂಕಿಗಳನ್ನು ತುಂಬುವುದಕ್ಕೇ ನಿಲಯದ ಸಂಯೋಜಕರ ಅರ್ಧ ದಿನ ಹೋಗುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಹೊಸ ಕಾರ್ಯಕ್ರಮಗಳನ್ನು ನಿಲ್ಲಿಸಿ, ಒಂದು ವಾರ ಮತ್ತೆ ಊರುಗಳಿಗೆ ಹೋಗಿ ಮೊದಲ ಹಂತದ ಪ್ರಶ್ನೆಗಳನ್ನೇ ಕೇಳಿ ಬನ್ನಿ.

ನಿರ್ಗಮನಕ್ಕೆ ಆರು ತಿಂಗಳಿರುವಾಗ ಪಾಲುದಾರರ ಒಪ್ಪಿಗೆ ಪಡೆದು ಎರಡು ವಾರಗಳ ಒಂದು ಪರೀಕ್ಷೆ ನಡೆಸಿ. ಆ ಎರಡು ವಾರ ಅವರು ಹಣ ಕಳುಹಿಸುವುದಿಲ್ಲ, ಕರೆ ಸ್ವೀಕರಿಸುವುದಿಲ್ಲ, ಅವರ ಸಿಬ್ಬಂದಿ ಕೇಂದ್ರಕ್ಕೆ ಬರುವುದಿಲ್ಲ. ನಡುವೆ ಒಂದು ದಿನ, ಮೊದಲೇ ಹೇಳದೆ, ಪ್ರಸಾರದ ಕಂಪ್ಯೂಟರನ್ನು ಬೇರೆ ಕೋಣೆಗೆ ಒಯ್ದುಬಿಡಿ. ಎಲ್ಲಿ ಯಾರ ಕೈ ತಡಕಾಡಿತು, ಯಾವ ಬೀಗದ ಕೈ ಯಾರ ಬಳಿ ಇರಲಿಲ್ಲ, ಯಾವ ಬಿಲ್ಲು ಯಾರ ಸಹಿಗೆ ಕಾದು ಕುಳಿತಿತ್ತು ಎಂಬುದನ್ನು ದಿನವಹಿ ಪುಸ್ತಕದಲ್ಲಿ ಬರೆಯಿರಿ. ಉಳಿದ ಐದೂವರೆ ತಿಂಗಳಲ್ಲಿ ಪಾಲುದಾರರಿಂದ ಕಲಿತುಕೊಳ್ಳಬೇಕಾದದ್ದರ ಪಟ್ಟಿ ಆ ಪುಸ್ತಕದಲ್ಲಿ ಸಿಗುತ್ತದೆ.